ಖಾಲಿ ಜಾಗ ಬಿಡದ ಬರಹಗಾರ

ತಾಲ್ಲೂಕು ಕಚೇರಿಯ ಆವರಣದಲ್ಲಿ, ಮರದ ನೆರಳಿಗೆ ಸಣ್ಣ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರು ಇನ್ನೂ ಅಲ್ಲಲ್ಲಿ ಇದ್ದಾರೆ. ‘ಮಾನ್ಯರೇ’ ಎಂದು ಶುರುವಾಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿಯುವ ಆ ಹಾಳೆಯ ಒಕ್ಕಣೆಯಲ್ಲಿ ಕುಂದು ಹುಡುಕುವುದು ಕಷ್ಟ. ಆದರೆ ಜಮೀನಿನ ಸರ್ವೆ ನಂಬರ್ ಎಷ್ಟು, ಪಹಣಿಯಲ್ಲಿ ಯಾರ ಹೆಸರಿದೆ ಎಂಬುದು ಬರೆಯುವವರಿಗೆ ಗೊತ್ತಿಲ್ಲ. ಎದುರು ಕೂತ ರೈತ ಹೇಳಬೇಕು. ರೈತನಿಗೂ ನೆನಪಿಲ್ಲದಿದ್ದರೆ ಅಷ್ಟು ಜಾಗ ಖಾಲಿ ಬಿಟ್ಟು, ‘ಆಮೇಲೆ ತುಂಬಿಸಿಕೊಳ್ಳಿ’ ಎನ್ನುತ್ತಾರೆ.

ಈಗ ಫೋನಿನೊಳಗೇ ಒಬ್ಬ ಅರ್ಜಿ ಬರೆಯುವವ ಬಂದು ಕೂತಿದ್ದಾನೆ. ಒಕ್ಕಣೆ ಇನ್ನೂ ಚೆಂದ, ಸಾಮಾನ್ಯವಾಗಿ ಕಾಸೂ ಕೇಳುವುದಿಲ್ಲ. ಆದರೆ ಖಾಲಿ ಜಾಗ ಬಿಡುವ ಅಭ್ಯಾಸ ಅವನಿಗಿಲ್ಲ. ಸರ್ವೆ ನಂಬರ್ ಹೇಳದಿದ್ದರೆ ತಾನೇ ಒಂದನ್ನು ಹಾಕಿಬಿಡಬಲ್ಲ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ಸಿಕ್ಕಿತು. 2024ರ ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಆ್ಯಪ್ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು. ಅದೇ ತಿಂಗಳು ವಾಟ್ಸ್‌ಆ್ಯಪ್‌ನಲ್ಲಿ ಮೆಟಾ ಎಐನ ಬಣ್ಣದ ಉಂಗುರ ಕಾಣಿಸಿಕೊಂಡಿತು. ಗೃಹಪ್ರವೇಶದ ಆಮಂತ್ರಣ, ಬ್ಯಾಂಕಿನ ಇಂಗ್ಲಿಷ್ ನೋಟಿಸಿನ ಅರ್ಥ, ಮಗಳ ಗಣಿತದ ಲೆಕ್ಕ, ಉಳಿದ ಅನ್ನಕ್ಕೊಂದು ದಾರಿ, ಎಲ್ಲವೂ ಇದರ ಮುಂದೆ ಬಂದವು. ಜೊತೆಗೆ ಇದರ ಬಗ್ಗೆ ಒಂದಿಷ್ಟು ನಂಬಿಕೆಗಳೂ ಬೆಳೆದವು. ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು.

‘ಇದೆಲ್ಲ ಸಾಫ್ಟ್‌ವೇರ್‌ನವರಿಗೆ’

ಮೊದಲನೆಯದು ಸುಲಭವಾಗಿ ಬಗೆಹರಿಯುವಂಥದ್ದು. ಚಾಟ್‌ಜಿಪಿಟಿಯನ್ನು ಜನ ಯಾವುದಕ್ಕೆ ಬಳಸುತ್ತಾರೆ ಎಂದು ಓಪನ್‌ಎಐನ ಅರ್ಥಶಾಸ್ತ್ರಜ್ಞರು ಹಾರ್ವರ್ಡ್‌ನ ವಿದ್ವಾಂಸರೊಬ್ಬರ ಜೊತೆ ಸೇರಿ ಮಾಡಿದ ಅಧ್ಯಯನ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಕಂಪನಿಯೇ ತನ್ನ ಸರಕನ್ನು ಅಳೆದದ್ದು ಎಂಬ ಎಚ್ಚರ ಇರಲಿ. ಆ ಹೊತ್ತಿಗೆ ವಾರಕ್ಕೆ 70 ಕೋಟಿ ಜನ ಅದನ್ನು ಬಳಸುತ್ತಿದ್ದರು, ದಿನಕ್ಕೆ ಸುಮಾರು 250 ಕೋಟಿ ಸಂದೇಶ ಕಳಿಸುತ್ತಿದ್ದರು. ಅದರಲ್ಲಿ ಶೇ 70ಕ್ಕೂ ಹೆಚ್ಚು ಸಂದೇಶಗಳಿಗೆ ಕಚೇರಿ ಕೆಲಸದ ಸಂಬಂಧವೇ ಇರಲಿಲ್ಲ. ಪ್ರೋಗ್ರಾಮಿಂಗ್‌ನ ಪಾಲು ಶೇ 4ರಷ್ಟು ಮಾತ್ರ. ಬರವಣಿಗೆಯ ಬೇಡಿಕೆಗಳಲ್ಲೂ ಮೂರನೇ ಎರಡರಷ್ಟು ‘ಹೊಸದಾಗಿ ಬರೆದುಕೊಡು’ ಎಂಬುವಲ್ಲ. ‘ನಾನು ಬರೆದದ್ದನ್ನು ತಿದ್ದು, ಅನುವಾದಿಸು, ಚಿಕ್ಕದು ಮಾಡು’ ಎಂಬುವು. ಅಲ್ಲಿಗೆ ಅರ್ಜಿ ಬರೆಯುವವನ ಹೋಲಿಕೆ ತೀರಾ ದೂರದ್ದೇನಲ್ಲ.

‘ಅದಕ್ಕೆ ಎಲ್ಲ ಗೊತ್ತು’

ಇದು ದೊಡ್ಡ ನಂಬಿಕೆ, ಹಾನಿಯೂ ಇದರಿಂದಲೇ ಹೆಚ್ಚು. ಚಾಟ್‌ಬಾಟ್ ಒಳಗೆ ವಿಶ್ವಕೋಶವೊಂದು ಅಡಗಿದೆ, ಕೇಳಿದ ಪುಟವನ್ನು ತೆರೆದು ಓದಿಹೇಳುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ನಡೆಯುವುದು ಬೇರೆ. ಅಪಾರ ಪಠ್ಯವನ್ನು ಅರೆದು ಕಲಿತ ಈ ಯಂತ್ರ, ಇಲ್ಲಿಯವರೆಗೆ ಬಂದ ಮಾತಿನ ಮುಂದೆ ಯಾವ ತುಣುಕು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಒಂದೊಂದೇ ತುಣುಕು ಜೋಡಿಸುತ್ತದೆ. ಸಾವಿರಾರು ಕಡೆ ಬರೆದಿರುವ ಸಂಗತಿಯಾದರೆ ಆ ಜೋಡಣೆ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಅಪರೂಪದ ಸಂಗತಿಯಾದರೆ ವಾಕ್ಯದ ಆಕಾರ ಉಳಿದು ಒಳಗಿನ ತಿರುಳು ತಪ್ಪಬಹುದು. ಸರಿಯಿದ್ದಾಗಲೂ ತಪ್ಪಿದಾಗಲೂ ದನಿ ಮಾತ್ರ ಒಂದೇ.

‘ಗೊತ್ತಿಲ್ಲ’ ಎನ್ನಲು ಅದಕ್ಕೇನು ಕಷ್ಟ? 2025ರಲ್ಲಿ ಓಪನ್‌ಎಐನ ಸಂಶೋಧಕರು ಇದಕ್ಕೆ ಕೊಟ್ಟ ವಿವರಣೆ ನಮ್ಮ ಸಿಇಟಿ ಬರೆದ ಯಾರಿಗಾದರೂ ತಕ್ಷಣ ಅರ್ಥವಾಗುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಗೊತ್ತಿರಲಿ ಬಿಡಲಿ, ಕೊನೆಯ ಐದು ನಿಮಿಷದಲ್ಲಿ ಉಳಿದ ಸೊನ್ನೆಗಳನ್ನೆಲ್ಲ ಕಪ್ಪು ಮಾಡಿ ಬರುವುದು ಜಾಣತನ. ನೀಟ್‌ನಲ್ಲಿ ತಪ್ಪಿಗೊಂದು ಅಂಕ ಹೋಗುತ್ತದೆ, ಅಲ್ಲಿ ಕೈ ತಡೆಯುತ್ತದೆ. ಚಾಟ್‌ಬಾಟ್‌ಗಳನ್ನು ಅಳೆಯುವ ಪರೀಕ್ಷೆಗಳಲ್ಲಿ ಬಹುಪಾಲು ಸಿಇಟಿ ಮಾದರಿಯವು. ‘ಗೊತ್ತಿಲ್ಲ’ ಎಂದರೂ ಸೊನ್ನೆ, ತಪ್ಪಿದರೂ ಸೊನ್ನೆ. ಊಹೆ ಮಾಡುವುದನ್ನೇ ಅದು ರೂಢಿ ಮಾಡಿಕೊಂಡಿದೆ.

ಆ ಊಹೆಯ ಬೆಲೆ ಏನೆಂದು ನ್ಯೂಯಾರ್ಕ್‌ನ ಇಬ್ಬರು ವಕೀಲರು 2023ರಲ್ಲಿ ಕಂಡುಕೊಂಡರು. ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ ಅವರು ಉಲ್ಲೇಖಿಸಿದ ಆರು ತೀರ್ಪುಗಳು ಯಾವ ನ್ಯಾಯಾಲಯದ ಕಡತದಲ್ಲೂ ಇರಲಿಲ್ಲ. ಚಾಟ್‌ಜಿಪಿಟಿ ಹೆಣೆದ ಹೆಸರುಗಳವು. ಅನುಮಾನ ಬಂದು ‘ಈ ತೀರ್ಪು ನಿಜವೇ’ ಎಂದು ವಕೀಲರು ಅದನ್ನೇ ಕೇಳಿದ್ದರು, ಅದು ಹೌದು ಎಂದಿತ್ತು! ದಂಡ 5,000 ಡಾಲರ್. ದೂರದ ಕಥೆ ಎಂದು ನಗುವ ಹಾಗಿಲ್ಲ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಆದೇಶದಲ್ಲೂ ಅಸ್ತಿತ್ವದಲ್ಲಿಲ್ಲದ ತೀರ್ಪುಗಳು ನುಸುಳಿದ್ದು ಬೆಳಕಿಗೆ ಬಂದು, ಆ ಆದೇಶವನ್ನೇ ಹಿಂಪಡೆಯಬೇಕಾಯಿತು. 2025ರ ಜುಲೈನಲ್ಲಿ ಕೇರಳ ಹೈಕೋರ್ಟ್ ತನ್ನ ಜಿಲ್ಲಾ ನ್ಯಾಯಾಂಗಕ್ಕೆ ನೀತಿಯೊಂದನ್ನು ಹೊರಡಿಸಿ, ತೀರ್ಪು ನೀಡಲು ಎಐ ಬಳಸಕೂಡದೆಂದು ಸ್ಪಷ್ಟವಾಗಿ ಹೇಳಿತು.

‘ಈಗ ಅಂತರ್ಜಾಲದಲ್ಲಿ ಹುಡುಕಿಯೇ ಉತ್ತರಿಸುತ್ತದಲ್ಲ’ ಎಂಬುದು ಮುಂದಿನ ವಾದ. ಹುಡುಕಿ ಹೇಳಿದಾಗ ತಪ್ಪು ಕಡಿಮೆಯಾಗುತ್ತದೆ, ಸರಿ. ಆದರೆ ಹುಡುಕಿದ ಕಡೆ ಸಿಕ್ಕದ್ದೇನು ಎಂಬುದೂ ಮುಖ್ಯ. 2024ರ ಮೇ ತಿಂಗಳಲ್ಲಿ ಗೂಗಲ್‌ನ ಎಐ ಸಾರಾಂಶವು ಪಿಜ್ಜಾದ ಮೇಲೆ ಚೀಸ್ ನಿಲ್ಲಲು ಸಾಸ್‌ಗೆ ಅಂಟು ಬೆರೆಸಿ ಎಂದು ಸಲಹೆ ಕೊಟ್ಟಿತು. ಯಾರೋ ತಮಾಷೆಗೆ ಹತ್ತಕ್ಕೂ ಹೆಚ್ಚು ವರ್ಷದ ಹಿಂದೆ ಬರೆದ ಮಾತನ್ನು ಅದು ಅಡುಗೆಯವರ ಮಾತೆಂದು ಎತ್ತಿಕೊಂಡಿತ್ತು. ಕುಹಕ ಅದಕ್ಕೆ ತಿಳಿಯಲಿಲ್ಲ.

‘ಡಾಕ್ಟರ ಹತ್ತಿರ ಹೋಗುವ ಬದಲು’

ರಕ್ತ ಪರೀಕ್ಷೆಯ ವರದಿ ಕೈಗೆ ಬಂದ ರಾತ್ರಿ, ಡಾಕ್ಟರ ಭೇಟಿಗೆ ಇನ್ನೂ ಎರಡು ದಿನ ಇರುವಾಗ, ‘ಕ್ರಿಯಾಟಿನಿನ್ ಎಂದರೇನು’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಹಾಗೆ ತಿಳಿದುಕೊಂಡು ಹೋದವರು ಡಾಕ್ಟರ ಮುಂದೆ ಒಳ್ಳೆಯ ಪ್ರಶ್ನೆ ಕೇಳಬಲ್ಲರು. ತೊಂದರೆ ಶುರುವಾಗುವುದು ಉತ್ತರವನ್ನೇ ಔಷಧಿ ಚೀಟಿ ಎಂದುಕೊಂಡಾಗ.

ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 2025ರ ಆಗಸ್ಟ್‌ನಲ್ಲಿ ದಾಖಲಿಸಿದ ಪ್ರಕರಣ ಇದು. 60 ವರ್ಷದ ವ್ಯಕ್ತಿಯೊಬ್ಬರು ಅಡುಗೆ ಉಪ್ಪು ಕೆಟ್ಟದ್ದೆಂದು ಓದಿ, ಕ್ಲೋರೈಡ್ ಪೂರ್ತಿ ಬಿಡಬೇಕೆಂದು ನಿರ್ಧರಿಸಿದರು. ಚಾಟ್‌ಜಿಪಿಟಿಯ ಜೊತೆ ಚರ್ಚಿಸಿ, ಉಪ್ಪಿನ ಬದಲು ಸೋಡಿಯಂ ಬ್ರೋಮೈಡ್ ತರಿಸಿಕೊಂಡರು. ಮೂರು ತಿಂಗಳು ತಿಂದರು. ಕೊನೆಗೆ ನೆರೆಮನೆಯವರು ವಿಷ ಹಾಕುತ್ತಿದ್ದಾರೆಂದು ಶಂಕಿಸುತ್ತ ಆಸ್ಪತ್ರೆ ಸೇರಿದರು, ಅಲ್ಲಿ ಇಲ್ಲದ್ದು ಕಂಡು ಕೇಳಿದಂತಾಯಿತು. ಬ್ರೋಮೈಡ್ ವಿಷ ಏರಿತ್ತು. ಒಂದು ಶತಮಾನದ ಹಿಂದೆ ನಿದ್ರೆಗೂ ನರಗಳ ಶಾಂತಿಗೂ ಕೊಡುತ್ತಿದ್ದ ಔಷಧದಿಂದ ಬರುತ್ತಿದ್ದ ಈ ಕಾಯಿಲೆಯನ್ನು ಇಂದಿನ ವೈದ್ಯರು ನೋಡುವುದೇ ಅಪರೂಪ.

ಇಲ್ಲೊಂದು ಸೂಕ್ಷ್ಮವಿದೆ. ಆ ವ್ಯಕ್ತಿಯ ಸಂಭಾಷಣೆ ವೈದ್ಯರಿಗೆ ಸಿಗಲಿಲ್ಲ. ತಾವೇ ಕೇಳಿ ನೋಡಿದಾಗ, ಕ್ಲೋರೈಡ್‌ಗೆ ಬದಲಿಯಾಗಿ ಬ್ರೋಮೈಡ್ ಹೆಸರು ಬಂತು. ಸಂದರ್ಭದ ಮೇಲೆ ಅವಲಂಬಿತ ಎಂಬ ಮಾತೂ ಬಂತು. ಆದರೆ ‘ಯಾಕೆ ಕೇಳುತ್ತಿದ್ದೀರಿ’ ಎಂದು ಅದು ವಿಚಾರಿಸಲಿಲ್ಲ. ಶುಚಿಗೊಳಿಸುವ ರಾಸಾಯನಿಕದ ಮಾತಾದರೆ ಆ ಬದಲಿ ಸರಿಯೇ ಇರಬಹುದು. ಊಟದ ತಟ್ಟೆಗೆ ಸಲ್ಲದು. ಯಾವ ಡಾಕ್ಟರೇ ಆದರೂ, ಹೋಗಲಿ, ಬೀದಿ ಕೊನೆಯ ಮೆಡಿಕಲ್ ಸ್ಟೋರ್‌ನವರೇ ಆದರೂ ಕೇಳುತ್ತಿದ್ದ ಪ್ರಶ್ನೆ ಅದು: ‘ಯಾರಿಗೆ, ಏತಕ್ಕೆ?’

‘ಅದು ನನ್ನನ್ನು ಅರ್ಥ ಮಾಡಿಕೊಳ್ಳುತ್ತದೆ, ಗುಟ್ಟೂ ಕಾಯುತ್ತದೆ’

ಮನೆಯಲ್ಲಿ ಹೇಳಲಾಗದ್ದನ್ನು ಇದರ ಮುಂದೆ ಹೇಳಿಕೊಳ್ಳುವವರಿದ್ದಾರೆ. ಇದು ಹೊಸ ಸ್ವಭಾವವೇನಲ್ಲ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಪುಟ್ಟ ಪ್ರೋಗ್ರಾಂ ಮಾಡಿದ್ದರು. ನೀವು ಹೇಳಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಚಮತ್ಕಾರ. ಅದು ಏನೆಂದು ಚೆನ್ನಾಗಿ ಬಲ್ಲ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗಿಳಿದು, ‘ಸ್ವಲ್ಪ ಹೊರಗೆ ಹೋಗ್ತೀರಾ’ ಎಂದು ಅವರನ್ನೇ ಕೋಣೆಯಿಂದ ಕಳಿಸಿದರಂತೆ. ವೈಜೆನ್‌ಬಾಮ್ ಉಳಿದ ಬದುಕಿನ ಬಹುಪಾಲು ಇಂಥ ಮರುಳಿನ ವಿರುದ್ಧ ಎಚ್ಚರಿಸುತ್ತ ಕಳೆದರು.

ಇಂದಿನದು ಎಲೈಜಾಗಿಂತ ಎಷ್ಟೋ ಚತುರ. ಹೌದೌದು ಎನ್ನುವ ಚಾಳಿಯೂ ಅದಕ್ಕಿದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ಆವೃತ್ತಿ ಬಳಕೆದಾರರು ಹೇಳಿದ್ದಕ್ಕೆಲ್ಲ ಭಟ್ಟಂಗಿಯಂತೆ ತಲೆದೂಗುತ್ತಿದೆ ಎಂಬ ದೂರು ಎದ್ದು, ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ‘ನನ್ನ ಅತ್ತೆಯದೇ ತಪ್ಪು ಅಲ್ಲವಾ’ ಎಂದು ಕೇಳಿ ಪಡೆದ ಸಮಾಧಾನವನ್ನು ತುಸು ಕಡಿಮೆ ಬೆಲೆಗೆ ಹಿಡಿಯುವುದು ಒಳ್ಳೆಯದು.

ಗುಟ್ಟಿನ ವಿಷಯ ಇನ್ನೂ ನೇರ. ವೈದ್ಯರು, ವಕೀಲರೊಡನೆ ಆಡಿದ ಮಾತಿಗಿರುವ ಕಾನೂನಿನ ರಕ್ಷಣೆ ಚಾಟ್‌ಬಾಟ್‌ನೊಡನೆ ಆಡಿದ ಮಾತಿಗಿಲ್ಲ ಎಂದು ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರೇ 2025ರ ಜುಲೈನಲ್ಲಿ ಒಪ್ಪಿಕೊಂಡರು. ಹೆಚ್ಚುಕಡಿಮೆ ಅದೇ ಸಮಯದಲ್ಲಿ, ಜನ ಲಿಂಕ್ ಮಾಡಿ ಹಂಚಿಕೊಂಡಿದ್ದ ಸಾವಿರಾರು ಸಂಭಾಷಣೆಗಳು ಗೂಗಲ್ ಹುಡುಕಾಟದಲ್ಲಿ ಕಾಣಿಸತೊಡಗಿದವು. ‘ಇದು ಹುಡುಕಾಟದಲ್ಲಿ ಕಾಣಲಿ’ ಎಂಬ ಚೌಕಕ್ಕೆ ಟಿಕ್ ಹಾಕಿದ್ದು ಅವರೇ, ಆದರೆ ಅದರ ಅರ್ಥ ಎಷ್ಟು ಜನಕ್ಕೆ ಹೊಳೆದಿತ್ತು? ಕಂಪನಿ ಆ ಸೌಲಭ್ಯವನ್ನೇ ತೆಗೆದುಹಾಕಿತು. ಆಧಾರ್ ಪ್ರತಿ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ನ ಪುಟವನ್ನು ಅದಕ್ಕೆ ತೋರಿಸುವ ಅಗತ್ಯ ಯಾರಿಗೂ ಇಲ್ಲ. ಲ್ಯಾಬ್ ವರದಿ ಹಾಕುವುದಿದ್ದರೆ ಮೇಲಿನ ಹೆಸರು, ಫೋನ್ ನಂಬರ್ ಮುಚ್ಚಿ ಫೋಟೊ ತೆಗೆದರಾಯಿತು.

‘ಬಾಟ್ ಹೇಳಿದ್ದಕ್ಕೆ ಯಾರೂ ಹೊಣೆಯಲ್ಲ’

ಏರ್ ಕೆನಡಾ ವಿಮಾನ ಸಂಸ್ಥೆ ಹೀಗೇ ವಾದಿಸಿ ಸೋತಿತು. ಅಜ್ಜಿ ತೀರಿಕೊಂಡ ಗ್ರಾಹಕರೊಬ್ಬರಿಗೆ, ಟಿಕೆಟ್ ಕೊಂಡ ಮೇಲೂ ಸಾವಿನ ಸಂದರ್ಭದ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ಅದರ ಚಾಟ್‌ಬಾಟ್ ತಪ್ಪು ಮಾಹಿತಿ ಕೊಟ್ಟಿತ್ತು. ಬಾಟ್ ಮಾತಿಗೆ ಬಾಟೇ ಹೊಣೆ ಎಂಬರ್ಥದ ವಾದ ಕೆನಡಾದ ನ್ಯಾಯಮಂಡಳಿಗೆ ರುಚಿಸಲಿಲ್ಲ. 2024ರ ಫೆಬ್ರುವರಿಯಲ್ಲಿ ಗ್ರಾಹಕರಿಗೆ ಸುಮಾರು 812 ಕೆನಡಿಯನ್ ಡಾಲರ್ ಕೊಡಬೇಕೆಂದು ಆದೇಶವಾಯಿತು.

‘ನೀನೇ ಬರೆದದ್ದಾ ಎಂದು ಕೇಳಿದರೆ ಹೇಳುತ್ತದೆ’

ಮೇಷ್ಟ್ರುಗಳಲ್ಲಿ ಹರಡಿರುವ ನಂಬಿಕೆ ಇದು. 2023ರಲ್ಲಿ ಟೆಕ್ಸಾಸ್‌ನ ವಿಶ್ವವಿದ್ಯಾಲಯವೊಂದರ ಅಧ್ಯಾಪಕರು ವಿದ್ಯಾರ್ಥಿಗಳ ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಹಾಕಿ ‘ನೀನು ಬರೆದೆಯಾ’ ಎಂದು ಕೇಳಿದರು. ಅದು ಹೌದೆಂದಿತು. ಪದವಿಯ ಹೊಸ್ತಿಲಲ್ಲಿದ್ದವರ ಫಲಿತಾಂಶ ತಡೆಹಿಡಿಯಲ್ಪಟ್ಟು ದೊಡ್ಡ ಗಲಾಟೆಯಾಯಿತು. ಬೇರೆಯವರಿಗೆ ತಾನು ಬರೆದುಕೊಟ್ಟದ್ದರ ಲೆಕ್ಕ ಅದರ ಬಳಿ ಇಲ್ಲ, ಕೇಳಿದ್ದಕ್ಕೆ ಉತ್ತರವೊಂದನ್ನು ಕಟ್ಟುತ್ತದೆ ಅಷ್ಟೆ. ಇದಕ್ಕೆಂದೇ ಮಾಡಿದ ಪತ್ತೆ ಸಾಧನಗಳೂ ನೆಚ್ಚಿಕೆಯವಲ್ಲ. ಓಪನ್‌ಎಐ ತಾನೇ ಮಾಡಿದ್ದೊಂದನ್ನು, ನಿಖರತೆ ಸಾಲದೆಂದು, 2023ರ ಜುಲೈನಲ್ಲಿ ಮುಚ್ಚಿತು.

‘ಒಂದು ಪ್ರಶ್ನೆಗೆ ಒಂದು ಬಾಟಲಿ ನೀರು’

ಈ ಮಾತೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. 2023ರ ಕ್ಯಾಲಿಫೋರ್ನಿಯಾದ ಅಧ್ಯಯನ ಹೇಳಿದ್ದು 20ರಿಂದ 50 ಪ್ರಶ್ನೆಗೆ ಅರ್ಧ ಲೀಟರ್ ಎಂದು. 2025ರಲ್ಲಿ ಗೂಗಲ್ ಕೊಟ್ಟ ತನ್ನದೇ ಲೆಕ್ಕ ಜೆಮಿನಿಯ ಸಾಧಾರಣ ಪ್ರಶ್ನೆಯೊಂದಕ್ಕೆ 0.26 ಮಿಲಿಲೀಟರ್, ಅಂದರೆ ಐದು ಹನಿ. ಕಂಪನಿಯ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಆದರೂ ಪ್ರಶ್ನೆಗೊಂದು ಬಾಟಲಿ ಎಂಬುದಂತೂ ನಿಲ್ಲುವುದಿಲ್ಲ. ದತ್ತಾಂಶ ಕೇಂದ್ರಗಳೆಲ್ಲ ಸೇರಿ ಕುಡಿಯುವ ನೀರು, ವಿದ್ಯುತ್ತು ಬೇರೆಯದೇ ಚರ್ಚೆ. ಅದು ನಿಜಕ್ಕೂ ದೊಡ್ಡದು.

‘ಅದಕ್ಕೆ ಕನ್ನಡ ಬರುವುದಿಲ್ಲ’, ‘ಅದರ ಕನ್ನಡ ನಮಗಿಂತ ಚೆನ್ನ’

ಇವು ಒಂದಕ್ಕೊಂದು ಎದುರಾದ ಎರಡು ನಂಬಿಕೆಗಳು, ಎರಡೂ ಸರಿಯಲ್ಲ. ಮೂರು ವರ್ಷದ ಹಿಂದಿನ ತೊದಲು ಈಗಿಲ್ಲ. ಇಂಗ್ಲಿಷ್ ಪತ್ರವೊಂದರ ತಾತ್ಪರ್ಯವನ್ನು ಅದು ತಕ್ಕಮಟ್ಟಿಗೆ ಕನ್ನಡದಲ್ಲಿ ಹೇಳುತ್ತದೆ. ಆದರೆ ಕಲಿಯಲು ಸಿಕ್ಕ ಕನ್ನಡ ಕಡಿಮೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸುಮಾರು 70 ಲಕ್ಷ ಲೇಖನಗಳಿದ್ದರೆ ಕನ್ನಡದಲ್ಲಿರುವುದು ಮೂವತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚು. ಯಂತ್ರಕ್ಕೆ ನಮ್ಮ ಲಿಪಿಯೂ ಭಾರವೇ. ನಾವು ಒಂದೇ ಅಕ್ಷರವೆಂದು ಓದುವ ‘ಸ್ತ್ರೀ’ ಕಂಪ್ಯೂಟರ್‌ಗೆ ಆರು ಸಂಕೇತ, 18 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು. ಕನ್ನಡ ಸಾಮಗ್ರಿಯ ಕೊರತೆ ತುಂಬಲು ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ, ಹೆಚ್ಚಾಗಿ ಹೆಣ್ಣುಮಕ್ಕಳಿಂದ, ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ದನಿ ಸಂಗ್ರಹಿಸಿತು. 2023ರಲ್ಲಿ ಅದು ಕೊಡುತ್ತಿದ್ದ ಕೂಲಿ ಗಂಟೆಗೆ ಸುಮಾರು 5 ಡಾಲರ್.

ಇಷ್ಟಾಗಿಯೂ ಅದರ ಕನ್ನಡ ಬಹಳಷ್ಟು ಸಲ ಅನುವಾದದ ಕನ್ನಡವೇ. ಧಾರವಾಡದ ‘ಏನ್ರೀ’, ಮಂಗಳೂರಿನ ‘ಎಂತ ಮಾರಾಯ್ರೆ’ ಎರಡನ್ನೂ ಒಂದೇ ಪಠ್ಯಪುಸ್ತಕದ ಇಸ್ತ್ರಿಪೆಟ್ಟಿಗೆಯಡಿ ಹಾಕುತ್ತದೆ. ಸಂಬಂಧಗಳ ವಿಷಯಕ್ಕೆ ಬಂದರಂತೂ ತಮಾಷೆ. ಅಮೆರಿಕದಲ್ಲಿರುವ ಮಗ ಇಂಗ್ಲಿಷಿನಲ್ಲಿ ‘ಆಂಟ್’ ಬರುತ್ತಾರೆಂದು ಬರೆದ ಪತ್ರವನ್ನು ಕನ್ನಡಕ್ಕೆ ತರಲು ಹೇಳಿ ನೋಡಿ. ಚಿಕ್ಕಮ್ಮನೋ, ದೊಡ್ಡಮ್ಮನೋ, ಸೋದರತ್ತೆಯೋ, ಸೋದರಮಾವನ ಹೆಂಡತಿಯೋ ಮೂಲದಲ್ಲಿಲ್ಲ. ಮರದ ಕೆಳಗಿನ ಅರ್ಜಿ ಬರೆಯುವವರು ಪೆನ್ನು ನಿಲ್ಲಿಸಿ ಕೇಳುತ್ತಿದ್ದರು. ಇದು ಕೇಳದೆಯೇ ‘ಚಿಕ್ಕಮ್ಮ’ ಎಂದು ಬರೆದು ಮುಂದೆ ಹೋದರೆ ಅಚ್ಚರಿಯಿಲ್ಲ. ಬರುವವರು ಯಾರೆಂದು ಮೊದಲೇ ಹೇಳಿಬಿಡಿ.