ಸ್ಕೋಪಿನ ಅಡಿಯ ಪಟ್ಟಿ

ಬೋಲ್ಟ್-ಆ್ಯಕ್ಷನ್ ರೈಫಲ್ಲಿನ ಸ್ಕೋಪು ರೈಫಲ್ಲಿನ ಮೇಲೆ ನೇರವಾಗಿ ಕೂರುವುದಿಲ್ಲ. ಬೋಲ್ಟ್ ಓಡಾಡುವ ಕವಚವಾದ ರಿಸೀವರ್ ಮೇಲೆ ಸ್ಕ್ರೂಗಳಿಂದ ಬಿಗಿದ ಲೋಹದ ಪಟ್ಟಿಯೊಂದಿರುತ್ತದೆ, ಅದೇ ಬೇಸ್. ಬೇಸನ್ನು ಕಚ್ಚಿ ಹಿಡಿದ ಎರಡು ರಿಂಗುಗಳೊಳಗೆ ಸ್ಕೋಪಿನ ಕೊಳವೆ ಇರುತ್ತದೆ. ಮಸೂರದ ಮೇಲೆ ಧಾರಾಳವಾಗಿ ಖರ್ಚು ಮಾಡಿ ಬೇಸಿನಲ್ಲಿ ಉಳಿತಾಯ ಮಾಡುವುದು ತಪ್ಪು ಲೆಕ್ಕ. ರಿಂಗುಗಳ ನಡುವೆ 100 ಮಿ.ಮೀ. ಅಂತರವಿದ್ದು ಒಂದು ಕಡೆ ಕೇವಲ 0.1 ಮಿ.ಮೀ. ಸರಿದರೂ ನೋಟದ ರೇಖೆ 100 ಮೀಟರಿನಲ್ಲಿ 10 ಸೆಂ.ಮೀ., 1,000 ಮೀಟರಿನಲ್ಲಿ ಒಂದು ಮೀಟರ್ ಪಕ್ಕಕ್ಕೆ ಹೋಗುತ್ತದೆ. ಸ್ಥಿರವಾದ ದೋಷವನ್ನು ಸ್ಕೋಪಿನ ತಿರುಪು ತಿರುಗಿಸಿ ಸರಿಪಡಿಸಬಹುದು. ಪ್ರತಿ ಗುಂಡಿಗೂ ಬದಲಾಗುವ ದೋಷಕ್ಕೆ ಮದ್ದಿಲ್ಲ.

ಬೆಂಗಳೂರಿನಲ್ಲಿ ಇದು ಬರೀ ಪುಸ್ತಕದ ವಿಷಯವಾಗಿ ಉಳಿದಿಲ್ಲ. ವಾಹನಗಳ ಸ್ಪ್ರಿಂಗ್ ತಯಾರಿಕೆಗೆ ಹೆಸರಾದ ಸ್ಟಂಪ್, ಶ್ಯೂಲೆ ಅಂಡ್ ಸೋಮಪ್ಪ ಬಳಗದ ಎಸ್‌ಎಸ್‌ಎಸ್ ಡಿಫೆನ್ಸ್ ಇಲ್ಲಿ ಎರಡು ಬೋಲ್ಟ್-ಆ್ಯಕ್ಷನ್ ಸ್ನೈಪರ್ ರೈಫಲ್‌ಗಳನ್ನು ರೂಪಿಸಿದೆ: .308 ಗುಂಡಿನ ವೈಪರ್, .338 ಲಾಪುವಾ ಮ್ಯಾಗ್ನಮ್ ಗುಂಡಿನ ಸೇಬರ್.

ಇಂಥ ರೈಫಲ್‌ಗಳ ದೂರದ ಗುರಿಗೆ ಬೇಸ್ ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ಓರೆ. 100 ಮೀಟರಿಗೆ ಹೊಂದಿಸಿದ .308 ಗುಂಡು 1,000 ಮೀಟರ್ ತಲುಪುವಾಗ ನೋಟದ ರೇಖೆಯಿಂದ ಸುಮಾರು 12 ಮೀಟರ್ ಅಥವಾ ಇನ್ನೂ ಕೆಳಗೆ ಬಿದ್ದಿರುತ್ತದೆ. ಸಮತಟ್ಟಾದ ಬೇಸಿನ ಮೇಲೆ ಸ್ಕೋಪಿನ ಏರಿಳಿತದ ವ್ಯಾಪ್ತಿಯಲ್ಲಿ ಅರ್ಧ ಮಾತ್ರ ಈ ಕೆಲಸಕ್ಕೆ ಬರುತ್ತದೆ, ಉಳಿದರ್ಧ ವ್ಯರ್ಥ. ಅದಕ್ಕೇ 20 ಮಿನಿಟ್, ಅಂದರೆ ಮೂರನೇ ಒಂದು ಡಿಗ್ರಿ, ಮುಂದಕ್ಕೆ ಬಾಗಿದ ಬೇಸುಗಳಿವೆ. 150 ಮಿ.ಮೀ. ಉದ್ದದ ಇಂಥ ಪಟ್ಟಿಯಲ್ಲಿ ಹಿಂತುದಿ ಮುಂತುದಿಗಿಂತ 0.87 ಮಿ.ಮೀ. ಮಾತ್ರ ಎತ್ತರ; ಕಣ್ಣಿಗೆ ಕಾಣುವುದೂ ಕಷ್ಟ. ಆದರೂ 1,000 ಮೀಟರಿನಲ್ಲಿ ಇದು 5.8 ಮೀಟರ್ ಹೆಚ್ಚುವರಿ ಅವಕಾಶ ಕೊಡುತ್ತದೆ. 300 ಮೀಟರ್ ದಾಟದವರಿಗೆ ಓರೆ ಬೇಕಿಲ್ಲ.

ಎರಡು ತುಂಡಿನ ಬೇಸ್ ಹಗುರ, ಗುಂಡು ತುಂಬುವ ಬಾಯಿಯೂ ತೆರೆದಿರುತ್ತದೆ. ಆದರೆ ಎರಡೂ ತುಂಡು ಒಂದೇ ರೇಖೆಯಲ್ಲಿ ನಿಲ್ಲುವುದು ರಿಸೀವರಿನ ನಿಖರತೆಗೆ ಬಿಟ್ಟದ್ದು. ಭಾರದ ಸ್ಕೋಪಿಗೆ ಒಂದೇ ತುಂಡಿನದೇ ಸರಿ. ಅದರ ಮೇಲ್ಭಾಗ 1995ರ ಅಮೆರಿಕನ್ ಸೇನಾ ಮಾನಕವಾದ ಪಿಕಾಟಿನ್ನಿಯದಾದರೆ ಅಡ್ಡ ತೋಡುಗಳ ಅಗಲ 5.23 ಮಿ.ಮೀ., ಒಂದರ ಮಧ್ಯದಿಂದ ಮುಂದಿನದರ ಮಧ್ಯಕ್ಕೆ ಅಂತರ 10.01 ಮಿ.ಮೀ. ಎಂದು ನಿಗದಿಯಾಗಿದ್ದು, ಬೇರೆ ಬೇರೆ ತಯಾರಕರ ರಿಂಗುಗಳೂ ಹೊಂದುತ್ತವೆ. ಇನ್ನು ಬೇಸಿನ ಲೋಹ: 7075 ಅಲ್ಯೂಮಿನಿಯಂ ಮಿಶ್ರಲೋಹ ಉಕ್ಕಿನ ಸುಮಾರು ಮೂರನೇ ಒಂದು ಭಾಗದಷ್ಟೇ ತೂಗುತ್ತದೆ. ಆದರೆ ಬಿಸಿಗೆ ಉಕ್ಕಿನ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುತ್ತದೆ. ಹೊಡೆತ ಜೋರಾಗಿರುವ ರೈಫಲ್ಲಿಗೆ ಉಕ್ಕು ಹೆಚ್ಚು ನೆಮ್ಮದಿಯದು.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಿಎನ್‌ಸಿ ಮಿಲ್ಲಿಂಗ್ ಯಂತ್ರಗಳಲ್ಲಿ ಹತ್ತು ಮೈಕ್ರಾನ್ ಮಟ್ಟದ ಕೆಲಸ ಹೊಸದೇನಲ್ಲ. ಕಷ್ಟವಿರುವುದು ಕತ್ತರಿಸುವುದರಲ್ಲಲ್ಲ, ಬಿಗಿಯುವುದರಲ್ಲಿ. ಮುಂದಿನ ಸ್ಕ್ರೂ ಮಾತ್ರ ಬಿಗಿದು ನೋಡಿದಾಗ ಹಿಂತುದಿ ಎದ್ದು ನಿಂತರೆ ಬೇಸು ರಿಸೀವರಿಗೆ ಹೊಂದಿಲ್ಲವೆಂದೇ ಅರ್ಥ. ಉಳಿದ ಸ್ಕ್ರೂಗಳಿಂದ ಒತ್ತಿ ಕೂರಿಸಿದರೆ ಪಟ್ಟಿ ಬಾಗಿ, ರಿಂಗಿನ ಮೂಲಕ ಸ್ಕೋಪಿನ ಕೊಳವೆಗೂ ಆ ಬಾಗು ದಾಟುತ್ತದೆ. ಹೊಂದಿದ ಬೇಸಿನ ಸ್ಕ್ರೂಗಳನ್ನು ಎಣ್ಣೆ ಒರೆಸಿ, ತಯಾರಕರು ಹೇಳಿದ ಬಲಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ರೈಫಲ್ ಹಿಂದಕ್ಕೆ ಒದ್ದಾಗ ಸ್ಕೋಪು ಜಡತ್ವದಿಂದ ಮುಂದಕ್ಕೆ ಜಾರಲು ನೋಡುತ್ತದೆ. ಆದ್ದರಿಂದ ರಿಂಗನ್ನು ತೋಡಿನ ಮುಂದಿನ ಗೋಡೆಗೆ ಒತ್ತಿ ಹಿಡಿದು ಬಿಗಿಯುವುದು ಕ್ರಮ.