ಫ್ಯಾಂಟಮ್ ಯಾವ ಬಣ್ಣ?

"ಇದ್ಯಾಕೆ ಪುಟ್ಟಿ, ಇವನಿಗೆ ಬದನೆಕಾಯಿ ಬಣ್ಣ ಬಳಿದಿದ್ದೀಯ?"

ಶನಿವಾರ ರಾತ್ರಿ ಹನ್ನೊಂದು ಗಂಟೆ. ಡೈನಿಂಗ್ ಟೇಬಲ್ ಮೇಲೆ ಹಳೇ ಪೇಪರ್ ಹಾಸಿಕೊಂಡು ಕೂತಿದ್ದೆ. ಕೈಯಲ್ಲಿ 15 ಸೆಂಟಿಮೀಟರ್ ಎತ್ತರದ ಒಂದು ಆಕ್ಷನ್ ಫಿಗರ್. ನೀರು ಕುಡಿಯಲು ಎದ್ದು ಬಂದ ಅಪ್ಪ ಬಗ್ಗಿ ನೋಡುತ್ತಿದ್ದರು.

"ಫ್ಯಾಂಟಮ್ ಅಪ್ಪ. ಅವನ ಡ್ರೆಸ್ ನೇರಳೆ ಅಲ್ವಾ?"

"ಅಲ್ಲ. ಬೂದಿ ಬಣ್ಣ."

ಒಳಗಿನಿಂದ ಅಮ್ಮನ ದನಿ ಬಂತು: "ಬಂದು ಮಲಗಿ ಅಂದ್ರೆ. ನಿಮಗೆ ಬೆಳಿಗ್ಗೆ ತಿಂದ ತಿಂಡಿನೇ ನೆನಪಿರಲ್ಲ."

ಅಮ್ಮ ಹೇಳಿದ್ದು ಸುಳ್ಳಲ್ಲ. ಒಂದು ವರ್ಷದಿಂದ ಅಪ್ಪನಿಗೆ ಮರೆವು. ಗ್ಯಾಸ್ ಆಫ್ ಮಾಡಲ್ಲ, ಮಾತ್ರೆ ಎರಡು ಸಲ ನುಂಗ್ತಾರೆ, ನಮ್ಮ ರಸ್ತೆಯಲ್ಲೇ ಒಮ್ಮೆ ದಾರಿ ತಪ್ಪಿದ್ದರು. ಅವರು ಏನೇ ಹೇಳಿದರೂ ಮೊದಲು ತಿದ್ದುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ನಾನೂ ಮೊಬೈಲ್ ತೆಗೆದು ಸ್ಕ್ರೀನ್ ತೋರಿಸಿದೆ. "ನೋಡಿ, ನೇರಳೆ. ನಿಮಗೆ ಮರೆತುಹೋಗಿದೆ ಅಷ್ಟೇ."

ಅಪ್ಪ ವಾದ ಮಾಡಲಿಲ್ಲ. "ಇರಬಹುದು" ಅಂತ ಹೇಳಿ ಹೋಗಿ ಮಲಗಿದರು. ಬೈದಿದ್ದರೆ ಇಷ್ಟು ಕಸಿವಿಸಿ ಆಗ್ತಿರಲಿಲ್ಲವೇನೋ.

ಈ ಹುಚ್ಚು ಶುರುವಾದ ಕಥೆ ಹೇಳಿಬಿಡ್ತೀನಿ. ಅಂಗಡಿಯಲ್ಲಿ ಸಿಗುವ ಯಾವುದೋ ಫಿಗರ್ ತಂದು, ಅದನ್ನು ಕೆತ್ತಿ, ಮೆತ್ತಿ, ಬಣ್ಣ ಹಚ್ಚಿ, ನಮಗೆ ಬೇಕಾದ ಕಾಮಿಕ್ಸ್ ಪಾತ್ರವನ್ನಾಗಿ ಮಾಡುವುದಕ್ಕೆ ಕಸ್ಟಮೈಸಿಂಗ್ ಅನ್ನುತ್ತಾರೆ. ದಿನವಿಡೀ ಸ್ಕ್ರೀನ್ ನೋಡಿ ಸುಸ್ತಾದ ನನಗೆ, ಕೈಗೆ ಅಂಟುವ ಕೆಲಸವೊಂದು ಬೇಕಿತ್ತು. ಫ್ಯಾಂಟಮ್‌ನನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಅಪ್ಪ. ಅರಸೀಕೆರೆಯಲ್ಲಿ ಹುಡುಗನಾಗಿದ್ದಾಗ ಅವರು ವಾರಪತ್ರಿಕೆಯಲ್ಲಿ ಬರುತ್ತಿದ್ದ ಫ್ಯಾಂಟಮ್ ಪಟ್ಟಿಗಳನ್ನು ಕತ್ತರಿಸಿ, ಗೋಣಿ ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡಿಟ್ಟಿದ್ದರಂತೆ. ಊರಿನ ಮನೆ ಖಾಲಿ ಮಾಡುವಾಗ ಅದು ರದ್ದಿಗೆ ಹೋಯಿತು. ಆದರೆ ಕಥೆಗಳು ಹೋಗಲಿಲ್ಲ. ನಾನು ಚಿಕ್ಕವಳಿದ್ದಾಗ ಕರೆಂಟು ಹೋದ ರಾತ್ರಿಗಳಲ್ಲಿ ತಲೆಬುರುಡೆಯ ಗುಹೆ, ಡೆವಿಲ್ ಅನ್ನೋ ತೋಳ, ಹೀರೋ ಅನ್ನೋ ಬಿಳಿ ಕುದುರೆ ಎಲ್ಲ ನಮ್ಮ ಪಡಸಾಲೆಗೆ ಬರುತ್ತಿದ್ದವು. ತಂದೆ ತೀರಿಕೊಂಡ ಮೇಲೆ ಮಗ ಅದೇ ಮುಖವಾಡ ಹಾಕಿಕೊಳ್ಳುತ್ತಾನೆ; ಹಾಗಾಗಿ ಇವನಿಗೆ ಸಾವೇ ಇಲ್ಲ ಅಂತ ಕಾಡಿನವರು ನಂಬಿದ್ದಾರೆ. ನಾವು ಓದುವ ಫ್ಯಾಂಟಮ್ ಆ ವಂಶದ 21ನೆಯವನು.

ಕೆಲಸ ಸುಲಭ ಅಂದುಕೊಂಡಿದ್ದೆ. ಮೊದಲ ಫಿಗರ್ ಅನ್ನು ನಾನೇ ಕೊಂದೆ. ಹಳೇ ಬಣ್ಣ ತೆಗೆಯೋಣ ಅಂತ ನೇಲ್ ಪಾಲಿಶ್ ರಿಮೂವರ್ ಹಚ್ಚಿದೆ. ಅದರಲ್ಲಿರುವ ಅಸಿಟೋನ್ ಬಣ್ಣದ ಜೊತೆ ಪ್ಲಾಸ್ಟಿಕ್ಕನ್ನೂ ತಿನ್ನುತ್ತೆ. ಮೂಗು ಜಾರಿ ಗಲ್ಲಕ್ಕೆ ಬಂತು! ಎರಡನೆಯದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ, ಹಳೇ ಟೂತ್‌ಬ್ರಷ್ ಬಳಸಿದೆ. ನಿಧಾನ, ಆದರೆ ಮುಖ ಉಳಿಯಿತು.

ತಲೆ ಬಿಚ್ಚುವುದಕ್ಕೆ ಬಿಸಿನೀರು ಸಾಕು. ಕುದಿದ ನೀರಲ್ಲಿ ಒಂದು ನಿಮಿಷ ಮುಳುಗಿಸಿದರೆ ಕತ್ತಿನ ಭಾಗ ಮೆತ್ತಗಾಗಿ, ಎಳೆದರೆ ತಲೆ ಕೈಗೆ ಬರುತ್ತೆ (ಬಟ್ಟೆ ಹಿಡಿದು ಎಳೆಯಿರಿ, ನನ್ನ ಬೆರಳು ಸುಟ್ಟಿದೆ). ಕೂದಲನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಬೋಳು ಮಾಡಿದೆ. ಮೇಲೆ ಎಂ-ಸೀಲ್ ತೆಳ್ಳಗೆ ಹರಡಿ ಟೋಪಿಯ ಆಕಾರ ಕೊಟ್ಟೆ. ನಲ್ಲಿ ಸೋರಿದಾಗ ಮೆತ್ತುವ ಅದೇ ಎಂ-ಸೀಲ್. ಬೆರಳಿಗೆ ನೀರು ಮುಟ್ಟಿಸಿಕೊಂಡರೆ ಅಂಟಲ್ಲ, ನುಣುಪಾಗಿಯೂ ಕೂರುತ್ತೆ. ಬೆಲ್ಟಿನ ತಲೆಬುರುಡೆ, ಎರಡು ಕೈಯ ಉಂಗುರ ಎಲ್ಲ ಅದರದ್ದೇ. ಕೈಕಾಲಿನ ಕೀಲುಗಳನ್ನು ಮಾತ್ರ ಬಣ್ಣಕ್ಕೆ ಮೊದಲು ಸ್ವಲ್ಪ ಉಜ್ಜಬೇಕು. ಇಲ್ಲದಿದ್ದರೆ ಒಂದು ಸಲ ಮೊಣಕೈ ಮಡಚಿದರೆ ಸಾಕು, ಬಣ್ಣ ಕೆರೆದುಹೋಗುತ್ತೆ. ಆಮೇಲೆ ಪ್ರೈಮರ್, ಅದರ ಮೇಲೆ ನೀರು ಬೆರೆಸಿದ ಅಕ್ರಿಲಿಕ್ ಮೂರು ನಾಲ್ಕು ತೆಳು ಕೋಟು.

ಅದೇ ಬಣ್ಣದ ಹಂತದಲ್ಲಿ ಅಪ್ಪ ಬಂದು ಬೂದಿ ಅಂದಿದ್ದು.

ಆ ರಾತ್ರಿ ನಿದ್ದೆ ಬರಲಿಲ್ಲ. ಆಫೀಸಿನಲ್ಲಿ ಯಾರಾದರೂ ಬಗ್ ಇದೆ ಅಂದರೆ, ಹೇಳಿದವರು ಯಾರು ಅಂತ ನೋಡದೆ ಮೊದಲು ಪರೀಕ್ಷೆ ಮಾಡ್ತೀನಿ. ಅಪ್ಪನ ಮಾತನ್ನು ಮಾತ್ರ ಪರೀಕ್ಷೆ ಮಾಡದೇ ಮುಚ್ಚಿಹಾಕಿದ್ದೆ. ಎದ್ದು ಲ್ಯಾಪ್‌ಟಾಪ್ ತೆರೆದೆ.

ಫ್ಯಾಂಟಮ್ ಹುಟ್ಟಿದ್ದು ಅಮೆರಿಕದ ದಿನಪತ್ರಿಕೆಗಳಲ್ಲಿ, 1936ರ ಫೆಬ್ರವರಿ 17ರಂದು. ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮೊದಲು. ಬರೆದವರು ಲೀ ಫಾಕ್, ಮ್ಯಾಂಡ್ರೇಕ್‌ನನ್ನು ಸೃಷ್ಟಿಸಿದವರೂ ಅವರೇ. ಮೊದಲ ಚಿತ್ರಗಾರ ರೇ ಮೂರ್. ದಿನದ ಪಟ್ಟಿ ಕಪ್ಪು ಬಿಳುಪಿನದು, ಅದರಲ್ಲಿ ಬಣ್ಣದ ಪ್ರಶ್ನೆಯೇ ಇರಲಿಲ್ಲ. 1939ರ ಮೇನಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅವನ ಡ್ರೆಸ್ ನೇರಳೆಯಾಗಿ ಅಚ್ಚಾಯಿತು. ಇಟಲಿಯಲ್ಲಿ ಕೆಂಪಾದ, ಸ್ವೀಡನ್ನಿನಲ್ಲಿ ನೀಲಿಯಾದ.

ಮತ್ತೆ ಲೀ ಫಾಕ್ ಮನಸ್ಸಿನಲ್ಲಿ ಇದ್ದ ಬಣ್ಣ? ಬೂದಿ. ಪಾತ್ರಕ್ಕೆ 'ಗ್ರೇ ಗೋಸ್ಟ್', ಅಂದರೆ ಬೂದಿ ಭೂತ ಅಂತಲೇ ಹೆಸರಿಡುವ ಯೋಚನೆಯೂ ಅವರಿಗಿತ್ತಂತೆ.

ಬೆಳಿಗ್ಗೆ ಕಾಫಿ ಕೊಡುತ್ತಾ ಕೇಳಿದೆ, "ಅಪ್ಪ, ಬೂದಿ ಅಂತ ನಿಮಗೆ ಹೇಗೆ ಗೊತ್ತು?"

"ಗೊತ್ತಾಗೋದೇನು? ನಮ್ಮ ಕಾಲದ ಪೇಪರಲ್ಲಿ ಬಣ್ಣ ಎಲ್ಲಿತ್ತೇ? ಆ ಕಾಗದ ಇದ್ದ ಬಣ್ಣವೇ ಅವನ ಬಣ್ಣ."

ಅಪ್ಪನಿಗೆ ಲೀ ಫಾಕ್ ಗೊತ್ತಿಲ್ಲ. ತಾನು ನೋಡಿದ್ದನ್ನು, ನೋಡಿದ ಹಾಗೇ ನೆನಪಿಟ್ಟುಕೊಂಡಿದ್ದರು. ನಿನ್ನೆಯ ತಿಂಡಿ ಮರೆತವರಿಗೆ ಐವತ್ತು ವರ್ಷದ ಹಿಂದಿನ ಕಾಗದದ ಬಣ್ಣ ನೆನಪಿತ್ತು.

"ಸಾರಿ ಅಪ್ಪ" ಅಂದೆ. "ಯಾಕೆ?" ಅಂದರು. ರಾತ್ರಿಯ ಮಾತು ಅವರಿಗೆ ನೆನಪಿರಲಿಲ್ಲ. ನನಗಿತ್ತು.

ಆ ಭಾನುವಾರ ನೇರಳೆಯನ್ನೆಲ್ಲ ಒರೆಸಿ ತೆಗೆದೆವು. ಹೌದು, 'ತೆಗೆದೆವು'. ಅಪ್ಪ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಹತ್ತಿ ಅದ್ದಿ ಕೊಡುತ್ತಿದ್ದರು. ಬಿಳಿಗೆ ಕಪ್ಪು ಬೆರೆಸಿದರೆ ಸಿಮೆಂಟಿನ ಬಣ್ಣ ಬರುತ್ತಿತ್ತು. "ಇಷ್ಟು ಸತ್ತ ಬಣ್ಣ ಅಲ್ಲ, ಸ್ವಲ್ಪ ಹಳದಿ ಹಾಕು" ಅಂದರು. ಒಂದು ಹನಿ ಹಳದಿ ಹಾಕಿದೆ. ಹಳೇ ಕಾಗದದ ಬಣ್ಣ ಬಂತು. ಚಡ್ಡಿಯ ಪಟ್ಟೆಗಳನ್ನು ಕಪ್ಪಿನಲ್ಲಿ ಎಳೆದೆ. ಕಣ್ಣಿಗೆ ಬರೀ ಬಿಳಿ. ಮುಖವಾಡದೊಳಗೆ ಫ್ಯಾಂಟಮ್‌ಗೆ ಕಣ್ಣುಗುಡ್ಡೆ ಕಾಣಿಸುವುದಿಲ್ಲ.

ಕೊನೆಯಲ್ಲಿ ಅಪ್ಪ ಅವನ ಕೈಗಳನ್ನು ನೋಡಿ ನಕ್ಕರು. "ಉಂಗುರ ಅದಲು ಬದಲಾಗಿದೆ. ತಲೆಬುರುಡೆ ಬಲಗೈಗೆ. ಕೆಟ್ಟವರಿಗೆ ಬಲಗೈ ಗುದ್ದು. ಒಳ್ಳೇದರ ಗುರುತು ಎಡಗೈಗೆ, ಎದೆ ಹತ್ತಿರದ ಕೈಗೆ." ಈ ಸಲ ನಾನು ಮೊಬೈಲ್ ತೆಗೆಯಲಿಲ್ಲ. ಚಾಕು ತಗೊಂಡು ಎರಡೂ ಉಂಗುರ ಕೆತ್ತಿ ತೆಗೆದು, ಮತ್ತೆ ಎಂ-ಸೀಲ್ ಕಲಸಿದೆ.

ಇದರಿಂದ ಅಪ್ಪನ ಮರೆವು ಹೋಯಿತು ಅಂತಲ್ಲ. ಮುಂದಿನ ವಾರ ಮತ್ತೆ ಡಾಕ್ಟರ್ ಹತ್ತಿರ ಹೋಗಬೇಕು. ನಿನ್ನೆಯೂ ಗ್ಯಾಸ್ ಉರಿಯುತ್ತಲೇ ಇತ್ತು. ಆದರೆ ಅಪ್ಪ ಏನಾದರೂ ಅಂದರೆ ಅಮ್ಮ ಈಗ, "ಇರು, ಅದೇನು ಕೇಳೋಣ" ಅನ್ನೋದಕ್ಕೆ ಶುರು ಮಾಡಿದ್ದಾರೆ.

ಬೂದಿ ಫ್ಯಾಂಟಮ್ ಟಿವಿ ಪಕ್ಕ ನಿಂತಿದ್ದಾನೆ. ಮನೆಗೆ ಬಂದ ಗೆಳೆಯರು "ಬಣ್ಣ ತಪ್ಪಾಗಿದೆಯಲ್ವಾ?" ಅಂತ ಕೇಳ್ತಾರೆ. ಉತ್ತರ ಹೇಳೋ ಕೆಲಸ ಅಪ್ಪನಿಗೇ ಬಿಟ್ಟಿದ್ದೀನಿ.

ನೀವೂ ಇಂಥದ್ದೊಂದು ಮಾಡಬೇಕು ಅಂತಿದ್ದರೆ ಅಸಿಟೋನ್ ಮುಟ್ಟಬೇಡಿ, ಕೀಲು ಉಜ್ಜೋದು ಮರೆಯಬೇಡಿ. ಬಣ್ಣ ಕೊಳ್ಳುವ ಮೊದಲು, ಆ ಕಾಮಿಕ್ಸನ್ನು ನಿಮಗಿಂತ ಮುಂಚೆ ಓದಿದವರು ಮನೆಯಲ್ಲಿದ್ದರೆ ಅವರನ್ನೊಂದು ಮಾತು ಕೇಳಿ.