ಮೊದಲು ನೌಕರಿ ಅಧಿಸೂಚನೆ ಓದಿ, ಆಮೇಲೆ ಅಡ್ಮಿಷನ್ ಫಾರ್ಮ್ ತುಂಬಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ರಾಯಚೂರಿನ ಬಸ್ ನಿಲ್ದಾಣದ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಕಂಬಕ್ಕೊಂದು ಫ್ಲೆಕ್ಸು, ಗೋಡೆಗೊಂದು ಪೋಸ್ಟರು. ಐಟಿಐ, ಡಿಪ್ಲೊಮಾ, ನರ್ಸಿಂಗ್, ಪ್ಯಾರಾಮೆಡಿಕಲ್, ಕಂಪ್ಯೂಟರ್ ಕೋರ್ಸು. ಎಲ್ಲದರ ಕೆಳಗೂ ಒಂದೇ ಸಾಲು: ಉದ್ಯೋಗ ಖಚಿತ. ದೇವದುರ್ಗದಿಂದಲೋ ಮಾನ್ವಿಯಿಂದಲೋ ಮಗನ ಮಾರ್ಕ್ಸ್ ಕಾರ್ಡ್ ಹಿಡಿದು ಬಂದ ಅಪ್ಪ ಕೇಳುವುದೂ ಒಂದೇ ಪ್ರಶ್ನೆ: "ಇವನ್ನ ಯಾವ್ದಕ್ಕ ಹಾಕಿದ್ರ ನೌಕ್ರಿ ಹತ್ತತದ್ರಿ?"

ಪ್ರಶ್ನೆ ಸರಿಯಾಗೇ ಇದೆ. ಆದ್ರೆ ಅದನ್ನ ಕಾಲೇಜಿನ ಕೌಂಟರ್‌ನಲ್ಲಿ ಕೂತವರನ್ನ ಕೇಳಿದರೆ, ಅವರ ಬಳಿ ಯಾವ ಸೀಟು ಖಾಲಿ ಇದೆಯೋ ಅದೇ ಉತ್ತರವಾಗಿ ಬರುತ್ತದೆ. ಈ ಪ್ರಶ್ನೆಗೆ ಉತ್ತರ ಇರುವುದು ಪ್ರಾಸ್ಪೆಕ್ಟಸ್‌ನಲ್ಲಿ ಅಲ್ಲ, ನೇಮಕಾತಿ ಅಧಿಸೂಚನೆಯಲ್ಲಿ. ಅಲ್ಲಿ 'ವಿದ್ಯಾರ್ಹತೆ' ಅನ್ನೋ ಕಾಲಂ ಇರುತ್ತದಲ್ಲ, ಅಲ್ಲಿಂದ ಹಿಂದಕ್ಕೆ ನಡೆದು ಕೋರ್ಸಿಗೆ ಬರಬೇಕು. ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತದೆ. ಮೊದಲು ಕೋರ್ಸು, ಮೂರು ವರ್ಷ ಆದ ಮೇಲೆ ಅಧಿಸೂಚನೆ.

ಒಂದು ಉದಾಹರಣೆ. 'ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿದ್ರೆ ಜೆಸ್ಕಾಂನಲ್ಲಿ ಲೈನ್‌ಮನ್ ಕೆಲಸ' ಅನ್ನುವುದು ಈ ಭಾಗದ ಹಳೇ ನಂಬಿಕೆ. 2024ರ ಅಕ್ಟೋಬರ್‌ನಲ್ಲಿ ಕೆಪಿಟಿಸಿಎಲ್ ಹೊರಡಿಸಿದ ಅಧಿಸೂಚನೆ ತೆಗೆದು ನೋಡಿ. ಜೆಸ್ಕಾಂ ಸೇರಿದಂತೆ ಎಲ್ಲ ವಿದ್ಯುತ್ ಕಂಪನಿಗಳಿಗೆ ಒಟ್ಟು 2,975 ಹುದ್ದೆ: 2,542 ಕಿರಿಯ ಪವರ್‌ಮ್ಯಾನ್, 433 ಕಿರಿಯ ಸ್ಟೇಷನ್ ಪರಿಚಾರಕ. ಕೇಳಿದ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ಐಟಿಐ ಅಲ್ಲ. ಕಂಬ ಹತ್ತುವ ಪರೀಕ್ಷೆ ಕಡ್ಡಾಯ, ಅದರ ಜೊತೆ ಓಟ, ಸ್ಕಿಪ್ಪಿಂಗ್, ಗುಂಡು ಎಸೆತದಂಥ ದೈಹಿಕ ಪರೀಕ್ಷೆಗಳು. ಅದರಲ್ಲಿ ಪಾಸಾದವರ ನಡುವೆ ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಆಯ್ಕೆ. ಅಂದ್ರೆ ಈ ಒಂದು ಕೆಲಸವೇ ಗುರಿ ಅಂತಾದರೆ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸು ಅರ್ಜಿಗೆ ಒಂದು ಅಂಕವನ್ನೂ ಸೇರಿಸುವುದಿಲ್ಲ. ಹತ್ತನೇ ಕ್ಲಾಸಿನ ಮಾರ್ಕ್ಸೇ ಎಲ್ಲ ತೀರ್ಮಾನಿಸುತ್ತದೆ.

ಹಾಗಾದ್ರೆ ಎಲೆಕ್ಟ್ರಿಷಿಯನ್ ಟ್ರೇಡ್ ದಂಡವೇ? ಇಲ್ಲ. ರೈಲ್ವೆ ಕಡೆ ತಿರುಗಿ ನೋಡಿ. ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಬೇಕು, ಅದೂ ಅಧಿಸೂಚನೆಯಲ್ಲಿ ಹೆಸರಿಸಿದ ಟ್ರೇಡ್‌ಗಳಲ್ಲೇ. ಫಿಟ್ಟರ್, ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಟರ್ನರ್, ಮೆಷಿನಿಸ್ಟ್, ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್ ಆ ಪಟ್ಟಿಯಲ್ಲಿವೆ. ಕಂಪ್ಯೂಟರ್ ಆಪರೇಟರ್ ಟ್ರೇಡ್, ಅಂದ್ರೆ ಎಲ್ಲರೂ 'ಕೋಪಾ' ಅನ್ನುವುದು, ಇಲ್ಲ. ಡಿಪ್ಲೊಮಾದವರಿಗೂ ಇದೇ ಕಥೆ: ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಆಟೊಮೊಬೈಲ್‌ಗೆ ಬಾಗಿಲು ತೆರೆದಿದೆ, ಸಿವಿಲ್ ಮತ್ತು ಕಂಪ್ಯೂಟರ್ ಸೈನ್ಸ್‌ಗೆ ಇಲ್ಲ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ದಿನಾ ನಮ್ಮೂರ ಸ್ಟೇಷನ್ನಿನ ಮೇಲೆ ಅಷ್ಟೊಂದು ರೈಲು ಓಡಾಡುತ್ತವೆ, ಅವುಗಳನ್ನು ಓಡಿಸುವವರಲ್ಲಿ ನಮ್ಮ ಜಿಲ್ಲೆಯವರು ಎಷ್ಟು ಮಂದಿ ಅಂತ ಯಾರಾದರೂ ಎಣಿಸಿದ್ದಾರಾ?

ಇನ್ನು ಏಣಿಯ ಲೆಕ್ಕ. ನಾನು ಎಂಜಿನಿಯರಿಂಗ್ ಮುಗಿಸಿ ಈ ಕಡೆ ಬಂದವನು, ಹಾಗಾಗಿ 'ಬಿಇ ಬೇಕೇ ಬೇಕು' ಅನ್ನುವ ಹಟ ಎಷ್ಟು ದುಬಾರಿ ಅಂತ ಗೊತ್ತು. ನಾಲ್ಕು ವರ್ಷದಲ್ಲಿ ಲೇತ್ ಮುಂದೆ ನಿಜವಾಗಿ ನಿಂತ ದಿನಗಳು ಬೆರಳೆಣಿಕೆಯಷ್ಟು. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು ವರ್ಷ. ಎಸ್ಸೆಸ್ಸೆಲ್ಸಿ ಆದ ಮೇಲೆ ನೇರ ಡಿಪ್ಲೊಮಾಗೆ ಹೋದರೆ ಮೂರು ವರ್ಷ, ಆಮೇಲೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ, ಇನ್ನೂ ಮೂರು. ಅದೂ ಆರೇ ವರ್ಷ. ವ್ಯತ್ಯಾಸ ಇಷ್ಟೇ: ಮೊದಲ ದಾರಿಯಲ್ಲಿ ಮಧ್ಯೆ ದುಡ್ಡಿಲ್ಲ ಅಂತ ನಿಂತರೆ ಕೈಯಲ್ಲಿ ಪಿಯುಸಿ ಮಾತ್ರ. ಎರಡನೆಯದರಲ್ಲಿ ನಿಂತರೆ ಕಿರಿಯ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕುವ ಅರ್ಹತೆ ಇರುತ್ತದೆ. ಐಟಿಐನಿಂದ ಶುರು ಮಾಡಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಆಗ ಬಿಇವರೆಗೆ ಏಳು ವರ್ಷ. ಒಂದು ವರ್ಷ ಜಾಸ್ತಿ, ಆದ್ರೆ ಮೆಟ್ಟಿಲು ಮೆಟ್ಟಿಲಿಗೂ ಒಂದು ಸರ್ಟಿಫಿಕೇಟ್. ಬೆಳೆ ಕೈಕೊಟ್ಟ ವರ್ಷ ಓದು ನಿಲ್ಲಿಸಬೇಕಾಗುವ ಮನೆಯ ಮಕ್ಕಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇಲ್ಲೊಂದು ಗಮನಿಸಬೇಕಾದ ವಿಷಯವಿದೆ. ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಕೊಡುವುದು ಎರಡು ವರ್ಷದ ಐಟಿಐಗೆ. ಕೋಪಾ, ವೆಲ್ಡರ್ ಥರದ ಒಂದು ವರ್ಷದ ಟ್ರೇಡ್ ಮಾಡಿದರೆ ಆ ಏಣಿ ಅಲ್ಲೇ ಮುಗಿಯಿತು. 'ಒಂದೇ ವರ್ಷಕ್ಕೆ ಮುಗಿದು ಹೋಗತ್ತೆ' ಅಂತ ಹೇಳಿ ಸೇರಿಸಿಕೊಳ್ಳುವವರು ಇದನ್ನು ಹೇಳುವುದಿಲ್ಲ.

ಸಂಸ್ಥೆಯ ಮಾನ್ಯತೆ ಬಗ್ಗೆಯೂ ಇದೇ ಎಚ್ಚರ ಬೇಕು. 'ನಮ್ಮದು ಎನ್‌ಸಿವಿಟಿ ಮಾನ್ಯತೆ ಪಡೆದ ಐಟಿಐ' ಅನ್ನುವುದು ಅರ್ಧ ಮಾತು. ಸಂಯೋಜನೆ ಸಿಗುವುದು ಇಡೀ ಕಟ್ಟಡಕ್ಕಲ್ಲ, ಟ್ರೇಡ್ ಲೆಕ್ಕದಲ್ಲಿ. ಒಂದೇ ಐಟಿಐನಲ್ಲಿ ಫಿಟ್ಟರ್‌ಗೆ ಮಾನ್ಯತೆ ಇದ್ದು, ಇನ್ನೊಂದು ಟ್ರೇಡ್‌ಗೆ ಇಲ್ಲದೇ ಇರಬಹುದು. ಹಾಗಾಗಿ ಕೇಂದ್ರದ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರಷ್ಟೇ ಅಲ್ಲ, ನೀವು ಸೇರುವ ಟ್ರೇಡ್ ಇದೆಯಾ ಅಂತ ಹುಡುಕಿ. ಪ್ಯಾರಾಮೆಡಿಕಲ್ ಆದರೆ ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯ ಮಾನ್ಯತೆ ಇದೆಯಾ, ಕಲಿಯಲು ನಿಜವಾದ ಆಸ್ಪತ್ರೆಯ ವಾರ್ಡು, ಲ್ಯಾಬು ಇದೆಯಾ ನೋಡಿ. ರೋಗಿಯೇ ಇಲ್ಲದ ಕಟ್ಟಡದಲ್ಲಿ ಲ್ಯಾಬ್ ಟೆಕ್ನಿಷಿಯನ್ ತಯಾರಾಗುವುದಿಲ್ಲ.

ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಅಂತಿದೆ. ಊರಿಗೆ ಹತ್ತಿರ, ಶುಲ್ಕ ಕಡಿಮೆ, ಎರಡು ವರ್ಷದ ಓದು, ಸ್ಥಳೀಯ ಉದ್ಯಮಕ್ಕೆ ಬೇಕಾದ ಕಲಿಕೆ, ಬೇಕಾದರೆ ಮುಂದೆ ವಿಶ್ವವಿದ್ಯಾಲಯಕ್ಕೆ ದಾಟುವ ಅವಕಾಶ. ಯುಜಿಸಿ 12ನೇ ಪಂಚವಾರ್ಷಿಕ ಯೋಜನೆಯಲ್ಲಿ ಅದೇ ಹೆಸರಿನ ಯೋಜನೆಯನ್ನು ಇಲ್ಲೂ ತಂದಿತ್ತು. ರಾಯಚೂರಿನ ಮಟ್ಟಿಗೆ ಆ ಕೆಲಸ ಮಾಡಬೇಕಾದವು ಸರ್ಕಾರಿ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳೇ. ಆದ್ರೆ ಅಲ್ಲಿ ಮುಖ್ಯವಾದದ್ದು 'ಸ್ಥಳೀಯ ಉದ್ಯಮ' ಅನ್ನೋ ಎರಡು ಪದ. ನಮ್ಮಲ್ಲಿ ಏನಿದೆ? ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಆರ್‌ಟಿಪಿಎಸ್, ಯರಮರಸ್‌ನಲ್ಲಿ 1,600 ಮೆಗಾವಾಟ್‌ನ ವೈಟಿಪಿಎಸ್, ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ, ಔಷಧ ಕಾರ್ಖಾನೆಗಳು, ಹತ್ತಿ ಜಿನ್ನಿಂಗ್, ರಾಯಚೂರು-ಮಾನ್ವಿ-ಸಿಂಧನೂರು ಉದ್ದಕ್ಕೂ ಅಕ್ಕಿ ಗಿರಣಿಗಳು. ಒಂದು ಹಿಂದುಳಿದ ಜಿಲ್ಲೆಗೆ ಇದು ಕಮ್ಮಿ ಪಟ್ಟಿಯಲ್ಲ.

ಈ ಪಟ್ಟಿಯನ್ನು ಕೋರ್ಸಿಗೆ ಜೋಡಿಸುವ ಕೊಂಡಿಯ ಹೆಸರು ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ಗುತ್ತಿಗೆಯವರೂ ಸೇರಿ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಪ್ರತಿ ಸಂಸ್ಥೆ ತನ್ನ ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಇದು ದಾನವಲ್ಲ, ಕಾನೂನು. 2019ರಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ಐಟಿಐ ಆದವರಿಗೆ ತಿಂಗಳಿಗೆ 7,000 ರೂ., ಡಿಪ್ಲೊಮಾದವರಿಗೆ 8,000 ರೂ. ದುಡ್ಡಿಗಿಂತ ದೊಡ್ಡದು ಕೊನೆಗೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಅಲ್ಲಿನ ಲೆವೆಲ್-1 ಹುದ್ದೆಗಳಲ್ಲಿ ಶೇ. 20 ಮೀಸಲು. ಹಾಗಾಗಿ ಅಡ್ಮಿಷನ್ ಮಾಡಿಸುವಾಗ ಪ್ರಿನ್ಸಿಪಾಲರನ್ನು ಕೇಳಬೇಕಾದ ಪ್ರಶ್ನೆ 'ಪ್ಲೇಸ್‌ಮೆಂಟ್ ಇದೆಯಾ' ಅಂತಲ್ಲ. ಅದಕ್ಕೆ ಎಲ್ಲರೂ ಹೌದು ಅಂತಾರೆ. 'ಹೋದ ವರ್ಷ ಈ ಟ್ರೇಡ್‌ನಿಂದ ಎಷ್ಟು ಮಂದಿ, ಯಾವ ಸಂಸ್ಥೆಗೆ ಅಪ್ರೆಂಟಿಸ್ ಹೋದರು' ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಇದೇ ಕಾರಣಕ್ಕೆ ಲಿಂಗಸುಗೂರಿನ ಜಿಟಿಟಿಸಿ ಬಗ್ಗೆ ನನಗೆ ಪಕ್ಷಪಾತವಿದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆಯ ಶಾಖೆ ಅದು. ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷ, ಅದರಲ್ಲಿ ಕೊನೆಯ ವರ್ಷ ಪೂರ್ತಿ ಕಾರ್ಖಾನೆಯೊಳಗೆ. ಒಂದು ವರ್ಷ ಜಾಸ್ತಿ ಆಗತ್ತೆ ಅಂತ ಬಹಳ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ. ಆ ಒಂದು ವರ್ಷದಲ್ಲೇ ಎಲ್ಲ ಇರುವುದು. ಆದರೆ ಕೆಲಸ ಸಿಗುವುದು ಹೆಚ್ಚಾಗಿ ಬೆಂಗಳೂರಿನ ಪೀಣ್ಯದಲ್ಲೋ ಹೊಸೂರಿನಲ್ಲೋ ಅನ್ನುವುದನ್ನೂ ಹೇಳಬೇಕು. ದೇವದುರ್ಗದಿಂದ ಜನ ಹೇಗಿದ್ದರೂ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ ಹೋಗುವ ಬದಲು ಮೈಕ್ರೋಮೀಟರ್ ಹಿಡಿದು ಹೋಗುವುದು ಬೇರೆ ಮಾತು.

ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 4,600 ಕೋಟಿಗೂ ಹೆಚ್ಚು ಖರ್ಚಿನಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದೆ. 2022ರ ಜೂನ್‌ನಲ್ಲಿ ಪ್ರಧಾನಿಯೇ ಉದ್ಘಾಟಿಸಿದರು. ರೋಬೋಟಿಕ್ಸ್, ಸಿಎನ್‌ಸಿ, ಎಲೆಕ್ಟ್ರಿಕ್ ವಾಹನ ಅಂತ ಹೊಸ ಟ್ರೇಡ್‌ಗಳು ಬಂದವು. ಯಂತ್ರ ಬಂದದ್ದು ಒಳ್ಳೆಯದೇ. ಆದ್ರೆ ಟ್ರೇಡ್ ಹೊಸದಿದ್ದಷ್ಟೂ ಅಧಿಸೂಚನೆಗಳ ಪಟ್ಟಿಯಲ್ಲಿ ಅದರ ಹೆಸರು ಸೇರಲು ಸಮಯ ಹಿಡಿಯುತ್ತದೆ. ಖಾಸಗಿ ಕಂಪನಿಗೆ ಹೋಗುವ ಮನಸ್ಸಿದ್ದು, ಊರು ಬಿಡಲು ಸಿದ್ಧರಿದ್ದರೆ ಧೈರ್ಯವಾಗಿ ಸೇರಿ. ಸರ್ಕಾರಿ ನೌಕರಿಯೇ ಬೇಕು ಅನ್ನುವವರಿಗೆ ಹಳೇ ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳೇ ಇವತ್ತಿಗೂ ಗಟ್ಟಿ.

ಊರಲ್ಲೇ ಇರಬೇಕು ಅನ್ನುವವರ ಲೆಕ್ಕ ಬೇರೆ. ತುಂಗಭದ್ರಾ ಎಡದಂಡೆ ನೀರಿನ ಮಾನ್ವಿ, ನಾರಾಯಣಪುರ ಬಲದಂಡೆ ನೀರಿನ ದೇವದುರ್ಗ. ಎರಡೂ ಕಡೆ ಟ್ರ್ಯಾಕ್ಟರ್, ಭತ್ತ ಕಟಾವು ಯಂತ್ರ, ಪಂಪ್‌ಸೆಟ್ಟು. ಕಟಾವಿನ ಹೊತ್ತಲ್ಲಿ ಯಂತ್ರ ಕೆಟ್ಟರೆ ರೈತ ಮೆಕ್ಯಾನಿಕ್ ಕೇಳಿದಷ್ಟು ಕೊಡುತ್ತಾನೆ. ಇಂಥವರಿಗೆ ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ಸಾಕು, ಏಣಿಯ ಚಿಂತೆ ಬೇಡ. ಎಲೆಕ್ಟ್ರಿಷಿಯನ್ ಆದವರು ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್, ಆಮೇಲೆ ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್ ಅಂತ ಹತ್ತಬಹುದು. ಇನ್ನೊಬ್ಬರ ಲೈಸೆನ್ಸ್ ಕೆಳಗೆ ಜೀವನಪೂರ್ತಿ ವೈರ್ ಎಳೆಯುವುದಕ್ಕೂ ಇದಕ್ಕೂ ದುಡಿಮೆಯಲ್ಲಿ ಅಜಗಜಾಂತರ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಕೋಪಾ, ಹೊಲಿಗೆ, ನರ್ಸಿಂಗ್ ಮೂರರಲ್ಲೇ ಸಲಹೆ ಮುಗಿದುಹೋಗುತ್ತದೆ. ಯಾಕೆ? 2023ರ ಜೂನ್‌ನಿಂದ ಬಸ್ ಉಚಿತ. ಸುಮಾರು 50 ಕಿಲೋಮೀಟರ್ ದೂರದ ಮಾನ್ವಿಯಿಂದ ರಾಯಚೂರಿಗೆ ದಿನಾ ಹೋಗಿ ಬರುವುದಕ್ಕೆ ಟಿಕೆಟ್ ಖರ್ಚಿಲ್ಲ. ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಎಲೆಕ್ಟ್ರಿಕಲ್ ಡಿಪ್ಲೊಮಾ ಸೇರಬೇಡಿ ಅಂತ ಯಾವ ನಿಯಮವೂ ಹೇಳಿಲ್ಲ. ಅಡ್ಡಿ ಇರುವುದು ಸಂಜೆ ಕೊನೇ ಬಸ್ಸಿನ ಟೈಮು ಮತ್ತು ಅಪ್ಪ-ಅವ್ವನ ಭಯ. ಮೊದಲನೆಯದಕ್ಕೆ ಡಿಪೊ ಮ್ಯಾನೇಜರ್‌ಗೆ ಅರ್ಜಿ ಕೊಡಬಹುದು, ಎರಡನೆಯದಕ್ಕೆ ಅದೇ ಊರಿನ ಇನ್ನಿಬ್ಬರು ಹುಡುಗಿಯರನ್ನು ಜೊತೆಗೆ ಸೇರಿಸಿದರೆ ಅರ್ಧ ಕೆಲಸ ಆದಂತೆ.

ಮತ್ತೆ 371(ಜೆ). ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಜೊತೆಗೇ ಮಾಡಿಸಬೇಕಾದ ಕಾಗದ ಇದು. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70 ಸೀಟು, ಹೊರಗಿನ ಸಂಸ್ಥೆಗಳಲ್ಲಿ ಶೇ. 8 ಸೀಟು, ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80, ಗ್ರೂಪ್ ಡಿಯಲ್ಲಿ ಶೇ. 85. ಕಿರಿಯ ಎಂಜಿನಿಯರ್‌ನಂಥ ಹುದ್ದೆಗಳಿಗೆ ಡಿಪ್ಲೊಮಾ ಮಾಡಿ ಕಾಯುವವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಸಹಾಯಕ ಆಯುಕ್ತರ ಕಚೇರಿಯಿಂದ ಬರುವ ಆ ಪ್ರಮಾಣಪತ್ರಕ್ಕೆ ಅಧಿಸೂಚನೆ ಬಂದ ಮೇಲೆ ಓಡಾಡುವುದು ಬೇಡ. ಕೊನೇ ದಿನಾಂಕ ಯಾರಿಗೂ ಕಾಯುವುದಿಲ್ಲ.

ಇಷ್ಟೆಲ್ಲ ಹುಡುಕುವ ಹೊಣೆಯನ್ನು ಹದಿನಾರು ವರ್ಷದ ಹುಡುಗನ ಮೇಲೆ ಹಾಕುವುದು ನ್ಯಾಯವೇ ಅಂತ ನೀವು ಕೇಳಬಹುದು. ಅಲ್ಲ. ನಂಜುಂಡಪ್ಪ ವರದಿ 2002ರಲ್ಲೇ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡನ್ನೂ ಸೇರಿಸಿತ್ತು. ಏಮ್ಸ್‌ಗಾಗಿ 2022ರಿಂದ ವರ್ಷಗಟ್ಟಲೆ ಧರಣಿ ಕೂತ ಊರು ನಮ್ಮದು. ದೊಡ್ಡ ಸಂಸ್ಥೆಗಾಗಿ ಹೋರಾಡಿದ ಹಟದಲ್ಲಿ ಸ್ವಲ್ಪ ಭಾಗವನ್ನು ತಾಲ್ಲೂಕಿನ ಐಟಿಐಗೂ ಕೊಡಬೇಕು. ಯಾವ ಸರ್ಕಾರಿ ಐಟಿಐನ ಯಾವ ಟ್ರೇಡ್‌ನವರು ಎಲ್ಲಿಗೆ ಹೋದರು ಅನ್ನುವ ಪಟ್ಟಿ ಕಾಲೇಜಿನ ಗೋಡೆ ಮೇಲೆ ಇರಬೇಕಿತ್ತು. ಮಾಹಿತಿ ಇಲ್ಲ ಅನ್ನುವ ಹಾಗೂ ಇಲ್ಲ. ಪಾಸಾಗಿ 180 ದಿನ ಕೆಲಸ ಸಿಗದ ಡಿಪ್ಲೊಮಾದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 1,500 ರೂ. ಕೊಡುತ್ತಿರುವ ಸರ್ಕಾರಕ್ಕೆ, ಯಾವ ಕಾಲೇಜಿನವರು ಖಾಲಿ ಕೂತಿದ್ದಾರೆ ಅನ್ನುವ ಲೆಕ್ಕ ತೆಗೆಯುವುದು ಕಷ್ಟವೇ?

ಅಲ್ಲಿಯವರೆಗೆ ಆರ್‌ಟಿಐ ಇದೆ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅಷ್ಟರಲ್ಲಿ ನಾಲ್ಕು ಪ್ರಶ್ನೆ ಆರಾಮಾಗಿ ಹಿಡಿಯುತ್ತವೆ: ಕಳೆದ ಮೂರು ವರ್ಷದಲ್ಲಿ ಟ್ರೇಡ್‌ವಾರು ಸೇರಿದವರು ಎಷ್ಟು, ಪಾಸಾದವರು ಎಷ್ಟು, ಅಪ್ರೆಂಟಿಸ್ ಹೋದವರು ಎಷ್ಟು ಮತ್ತು ಯಾವ ಸಂಸ್ಥೆಗೆ, ಬೋಧಕರ ಹುದ್ದೆ ಖಾಲಿ ಎಷ್ಟು. ಉತ್ತರಕ್ಕೆ 30 ದಿನ ಗಡುವು. ಏಪ್ರಿಲ್ ಮೊದಲ ವಾರ ಅರ್ಜಿ ಹಾಕಿದರೆ ಅಡ್ಮಿಷನ್ ಹೊತ್ತಿಗೆ ಕಾಗದ ಕೈಲಿರುತ್ತದೆ. ಅದರ ಜೆರಾಕ್ಸ್ ತೆಗೆದು ಆ ಫ್ಲೆಕ್ಸ್‌ಗಳ ಪಕ್ಕದಲ್ಲೇ ಅಂಟಿಸಿ.